ಏಳನೇ ಪಕ್ಕೆಲುಬು

ಬಿದ್ದದ್ದು ಬಚ್ಚಲಮನೆ ಎದುರಿನ ಅಂಗಳದಲ್ಲಿ. ಜುಲೈ ತಿಂಗಳು. ಸಾಗರದ ಹತ್ತಿರದ ನಮ್ಮೂರಲ್ಲಿ ಎಂಟು ದಿನದಿಂದ ಒಂದೇ ಸಮನೆ ಮಳೆ. ಆ ಹೊತ್ತಿಗೆ ಮಲೆನಾಡಿನ ಅಂಗಳ ಹೇಗಿರುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಿಲ್ಲ. ಹಾವಸೆ ಕಟ್ಟಿ ಸೋಪು ಸವರಿದ ಹಾಗಿರುತ್ತದೆ. ಅದಕ್ಕೇ ಅಡಿಕೆ ದಬ್ಬೆ ಹಾಸಿ ಅದರ ಮೇಲೆ ಓಡಾಡುವುದು. ನಾನು ನೀರಿನ ಬಕೆಟ್ ಹಿಡಿದು ದಬ್ಬೆ ಬಿಟ್ಟು ಅಡ್ಡ ಹಾಯ್ದೆ. ಎರಡೇ ಹೆಜ್ಜೆ. ಇಪ್ಪತ್ತು ವರ್ಷ ಬೆಂಗಳೂರಿನ ಟೈಲ್ಸ್ ಮೇಲೆ ನಡೆದ ಕಾಲಿಗೆ ಅಷ್ಟು ಸಾಕಾಯಿತು.

ಎಡಪಕ್ಕೆ ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಹೊಡೆಯಿತು. ಒಳಗೆಲ್ಲೋ ‘ಟಕ್’ ಅಂದಿತು. ಒಣ ಪುಳ್ಳೆ ಮುರಿದ ಹಾಗೆ.

ಎದ್ದು ನಿಂತೆ. ಕೈ ಸರಿ ಇದೆ, ಕಾಲು ಸರಿ ಇದೆ. ಬದುಕಿದೆ ಅಂದುಕೊಂಡು ಒಂದು ಉಸಿರು ಎಳೆದೆ. ಅದು ಅರ್ಧಕ್ಕೇ ನಿಂತುಬಿಟ್ಟಿತು. ಯಾರೋ ಪಕ್ಕೆಗೆ ಚಾಕು ಇಟ್ಟು, ‘ಇನ್ನೂ ಎಳೆದರೆ ಚುಚ್ಚುತ್ತೇನೆ ನೋಡು’ ಅಂದ ಹಾಗೆ.

“ಎಂತ ಆಯ್ತೋ?” ಅಂತ ಅಮ್ಮ ಓಡಿ ಬಂದಳು. ಉತ್ತರ ಕೊಡೋಣ ಅಂದರೆ ಮಾತಿಗೂ ಉಸಿರು ಬೇಕಲ್ಲ. ಕೈಸನ್ನೆ ಮಾಡಿದೆ. ಅಪ್ಪ ಜಗಲಿಯಿಂದಲೇ, “ಪಕ್ಕೆ ಉಳುಕಿರ್ಬೇಕು, ಎಣ್ಣೆ ಹಚ್ಚಿ ಶಾಖ ಕೊಡು” ಅಂದರು. ಸಂಜೆ ಪಕ್ಕದ ಮನೆಯ ಅಜ್ಜ ಬಂದು, ಪಂಚೆ ಮಡಚಿ ಎದೆಗೆ ಬಿಗಿಯಾಗಿ ಸುತ್ತಿಬಿಟ್ಟರು. ಸುತ್ತಿದ ಮೇಲೆ ನಿಜಕ್ಕೂ ಹಾಯೆನಿಸಿತು. ಎಲುಬು ಅಲ್ಲಾಡಲಿಲ್ಲ, ನೋವಿಲ್ಲ. ರಾತ್ರಿ ಮಲಗಲು ಆಗದೆ ಆರಾಮಕುರ್ಚಿಯಲ್ಲೇ ಕೂತು ಕಳೆದೆ. ಬೆಳಗಿನ ಜಾವ ಒಂದು ಸೀನು ಬಂತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಏಳು ಗಂಟೆಗೆ ಸಾಗರಕ್ಕೆ ಹೊರಟೆವು.

ಆಸ್ಪತ್ರೆಯಲ್ಲಿದ್ದ ಡಾಕ್ಟರಮ್ಮ ಮೊದಲು ಮಾಡಿದ ಕೆಲಸ ಅಂದರೆ ಪಂಚೆ ಬಿಚ್ಚಿದ್ದು. ಆಮೇಲೆ ಸ್ಟೆತಾಸ್ಕೋಪ್ ಇಟ್ಟು ಎರಡೂ ಕಡೆ ಬಹಳ ಹೊತ್ತು ಕೇಳಿದರು. ಎಡಗಡೆ ಹೊಟ್ಟೆಯ ಮೇಲ್ಭಾಗ ಒತ್ತಿ ನೋಡಿದರು. ಎಡಗಡೆ ಒಂಬತ್ತು, ಹತ್ತು, ಹನ್ನೊಂದನೇ ಪಕ್ಕೆಲುಬಿನ ಅಡಿಯಲ್ಲಿ ಗುಲ್ಮ, ಅಂದರೆ ರಕ್ತ ಸೋಸುವ ಸ್ಪ್ಲೀನ್ ಇರುತ್ತದೆ, ಅದಕ್ಕೆ ಪೆಟ್ಟು ಬಿದ್ದಿದ್ದರೆ ಕಥೆಯೇ ಬೇರೆ ಅಂದರು. ಬಿದ್ದಿರಲಿಲ್ಲ.

“ಈಗ ಯಾವುದು ಅಂತ ಎಣಿಸೋಣ” ಅಂದರು. ನನಗೆ ನಗು ಬಂತು. ಸಣ್ಣವನಿದ್ದಾಗ ನನ್ನ ಎಲುಬನ್ನು ದೂರದಿಂದಲೇ ಎಣಿಸಬಹುದಿತ್ತು. ಈಗ ಅದರ ಮೇಲೆ ಬೆಂಗಳೂರಿನ ಬೆಣ್ಣೆ ದೋಸೆ ಕೂತಿದೆ. ನಗಲು ಹೋಗಿ ಅಯ್ಯೋ ಅಂದೆ.

ಅವರು ಎಣಿಸಿದ ರೀತಿ ನನಗೆ ಬಹಳ ಹಿಡಿಸಿತು. ನೀವೂ ಮಾಡಿ ನೋಡಬಹುದು. ಕುತ್ತಿಗೆಯ ಬುಡದಲ್ಲಿ, ಎರಡು ಕೊರಳೆಲುಬಿನ ನಡುವೆ ಒಂದು ಕುಳಿ ಇದೆಯಲ್ಲ, ಅಲ್ಲಿ ಬೆರಳಿಟ್ಟು ಎದೆಮೂಳೆಯ ಮೇಲೆ ನಿಧಾನಕ್ಕೆ ಕೆಳಗೆ ಜಾರಿಸಿ. ಮೂರು ಬೆರಳಷ್ಟು ಇಳಿದರೆ ಅಡ್ಡಕ್ಕೆ ಒಂದು ಸಣ್ಣ ಉಬ್ಬು ಸಿಗುತ್ತದೆ. ಅದರ ಪಕ್ಕಕ್ಕೆ ಸರಿದರೆ ಸಿಗುವುದು ಎರಡನೇ ಪಕ್ಕೆಲುಬು. ಮೊದಲನೆಯದು ಕೊರಳೆಲುಬಿನ ಹಿಂದೆ ಅಡಗಿ ಕೂತಿರುತ್ತದೆ, ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಲೆಕ್ಕ ಎರಡರಿಂದ ಶುರು. ಮೂರು, ನಾಲ್ಕು, ಐದು ಅಂತ ಅವರ ಬೆರಳು ಇಳಿಯುತ್ತಾ ಪಕ್ಕಕ್ಕೆ ಸರಿಯಿತು. ಏಳಕ್ಕೆ ಬಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

“ಸಿಕ್ತು” ಅಂದರು.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಹಾಗಾದರೆ ಮುರಿದಿಲ್ಲ ಅಲ್ವಾ ಅಂದೆ. ಸಣ್ಣ ಬಿರುಕು ಎಷ್ಟೋ ಸಲ ಎಕ್ಸ್‌ರೇಗೆ ಸಿಗುವುದೇ ಇಲ್ಲವಂತೆ. ಎದೆ ದುಂಡಗಿರುವುದರಿಂದ ಒಂದರ ಮೇಲೆ ಒಂದು ನೆರಳು ಬೀಳುತ್ತದೆ. ಅವರಿಗೆ ಎಕ್ಸ್‌ರೇ ಬೇಕಾಗಿದ್ದದ್ದು ಎಲುಬಿಗಿಂತ ಹೆಚ್ಚಾಗಿ ಶ್ವಾಸಕೋಶಕ್ಕೆ. ಶ್ವಾಸಕೋಶಕ್ಕೂ ಎದೆಯ ಒಳಗೋಡೆಗೂ ನಡುವೆ ತೆಳುವಾದ ಎರಡು ಪೊರೆ. ಅವುಗಳ ನಡುವೆ ಚೂರೇ ಚೂರು ದ್ರವ. ತೊಳೆದ ಎರಡು ಬಾಳೆಎಲೆ ಒಂದರ ಮೇಲೊಂದು ಕೂತರೆ ಜಾರುತ್ತವೆ, ಆದರೆ ಸುಲಭಕ್ಕೆ ಬಿಟ್ಟುಬರುವುದಿಲ್ಲ. ಇದೂ ಹಾಗೇ. ಎದೆಗೂಡು ಹಿಗ್ಗಿದರೆ ಆ ಅಂಟಿನಿಂದ ಶ್ವಾಸಕೋಶವೂ ಜೊತೆಗೆ ಹಿಗ್ಗುತ್ತದೆ. ಮುರಿದ ಎಲುಬಿನ ಚೂಪು ಚುಚ್ಚಿ ಆ ಸಂದಿಗೆ ಗಾಳಿ ನುಗ್ಗಿದರೆ ಅಂಟು ಬಿಡುತ್ತದೆ, ಶ್ವಾಸಕೋಶ ಕುಗ್ಗಿ ಕೂರುತ್ತದೆ. ನನಗೆ ಹಾಗಾಗಿರಲಿಲ್ಲ.

“ಪ್ಲಾಸ್ಟರ್ ಹಾಕೋದಿಲ್ವಾ?” ಅಂತ ಅಪ್ಪ ಕೇಳಿದರು.

“ಕೈ ಮುರಿದರೆ ಕೈಗೆ ರಜೆ ಕೊಡಬಹುದು. ಇದಕ್ಕೆ ಹೇಗೆ ಕೊಡ್ತೀರಿ?” ಅಂದರು ಡಾಕ್ಟರಮ್ಮ. ಹಿಂದೆ ಡಾಕ್ಟರುಗಳೂ ಪಟ್ಟಿ ಸುತ್ತುತ್ತಿದ್ದರಂತೆ. ಈಗ ಬೇಡ ಅನ್ನುತ್ತಾರೆ. ಬಿಗಿದರೆ ನೋವು ಕಮ್ಮಿ, ನಿಜ. ಆದರೆ ಉಸಿರೂ ಕಮ್ಮಿ. ಶ್ವಾಸಕೋಶದ ತಳಭಾಗ ಬಿಚ್ಚಿಕೊಳ್ಳುವುದಿಲ್ಲ, ಕೆಮ್ಮಿ ಕಫ ತೆಗೆಯಲು ಆಗುವುದಿಲ್ಲ, ಅಲ್ಲೇ ನಿಂತು ನ್ಯುಮೋನಿಯಾ ಶುರುವಾಗುತ್ತದೆ. ಹಾಗಾಗಿ ನೋವಿನ ಮಾತ್ರೆ ನುಂಗುವುದು ನೋವು ಹೋಗಲಿ ಅಂತ ಅಷ್ಟೇ ಅಲ್ಲ, ಧೈರ್ಯವಾಗಿ ಉಸಿರಾಡಲಿ ಅಂತ. ಇದು ನನಗೆ ಹೊಸ ವಿಷಯ. ಅಜ್ಜನಿಗೆ ಮಾತ್ರ ಇದನ್ನು ಹೇಳಲು ಹೋಗಲಿಲ್ಲ.

ಬಿದ್ದದ್ದು ಹೇಗೆ ಅಂತ ಅವರು ಬರೆದುಕೊಳ್ಳುವಾಗ ‘ಬಕೆಟ್’ ಅಂದೆ. ಅವರು ನಕ್ಕರು. ಏಳನೇ ಎಲುಬಿನ ಕೆಲಸವೇ ಬಕೆಟ್ ಹಿಡಿಕೆಯದ್ದು ಅಂದರು. ನನಗೆ ಅರ್ಥವಾಗಲಿಲ್ಲ. ಚೀಟಿಯ ಹಿಂದೆ ಒಂದು ಚಿತ್ರ ಗೀಚಿ ಕೊಟ್ಟರು.

ಮನೆಗೆ ಬಂದು ನನ್ನನ್ನು ಬೀಳಿಸಿದ ಅದೇ ಬಕೆಟ್ಟನ್ನು ಜಗಲಿಗೆ ತರಿಸಿಕೊಂಡೆ. ಹಿಡಿಕೆ ಒಂದು ಮಗ್ಗುಲಿಗೆ ಇಳಿಬಿದ್ದಿರುತ್ತದಲ್ಲ, ಎರಡು ತುದಿ ಮೇಲೆ, ನಡುಭಾಗ ಕೆಳಗೆ. ಅದನ್ನು ಎತ್ತಿದರೆ ಸುಮ್ನೆ ಮೇಲೆ ಬರುವುದಿಲ್ಲ, ಹೊರಕ್ಕೂ ಬರುತ್ತದೆ. ಕೆಳಗಿನ ಪಕ್ಕೆಲುಬುಗಳೂ ಹಾಗೇ. ಹಿಂದೆ ಬೆನ್ನುಮೂಳೆಗೆ, ಮುಂದೆ ಎದೆಮೂಳೆಗೆ ಸಿಕ್ಕಿಕೊಂಡು ನಡುವೆ ಇಳಿಬಿದ್ದಿರುತ್ತವೆ. ಎಲುಬಿನ ನಡುವಿನ ಸ್ನಾಯು ಎಳೆದಾಗ ಮೇಲಕ್ಕೂ ಪಕ್ಕಕ್ಕೂ ಏಳುತ್ತವೆ, ಎದೆ ಅಗಲವಾಗುತ್ತದೆ. ಮೇಲಿನ ಎಲುಬುಗಳದ್ದು ಬೇರೆ ಕುಣಿತ. ಅವು ಎದೆಮೂಳೆಯನ್ನು ಮೇಲೆ-ಮುಂದೆ ತಳ್ಳುತ್ತವೆ, ಊರಿನ ಬೋರ್‌ವೆಲ್ ಕೈಪಂಪಿನ ಹಿಡಿಕೆ ಏಳುವ ಹಾಗೆ. ವೈದ್ಯಕೀಯ ಪುಸ್ತಕಗಳಲ್ಲೂ ಇದೇ ಹೆಸರು, ಬಕೆಟ್ ಹಿಡಿಕೆ, ಪಂಪ್ ಹಿಡಿಕೆ. ನಮ್ಮ ದೇಹ ಬಚ್ಚಲಮನೆ ಸಾಮಾನಿನ ಮೇಲೆ ನಡೆಯುತ್ತಿದೆ ಅಂತ ತಿಳಿದು ಖುಷಿಯೇ ಆಯಿತು.

ಅದುವರೆಗೆ ನಾನು ಎದೆಗೂಡು ಅಂದರೆ ಒಂದು ಪೆಟ್ಟಿಗೆ ಅಂದುಕೊಂಡಿದ್ದೆ. ಹೃದಯ, ಶ್ವಾಸಕೋಶ ಒಳಗಿಟ್ಟು ಬೀಗ ಹಾಕಿದ ಹಾಗೆ. ಅದು ಪೆಟ್ಟಿಗೆಯಲ್ಲ, ತಿದಿ. ಕುಲುಮೆಯ ತಿದಿ ನೋಡಿದವರಿಗೆ ಗೊತ್ತು, ಗಾಳಿ ನುಗ್ಗಿ ತಿದಿ ಉಬ್ಬುವುದಲ್ಲ, ತಿದಿ ಬಿಚ್ಚಿದ್ದಕ್ಕೆ ಗಾಳಿ ನುಗ್ಗುವುದು. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ. ಹನ್ನೆರಡು ಜೊತೆ ಎಲುಬು, ನಡುವಿನ ಸ್ನಾಯು, ಅಡಿಯಲ್ಲಿ ಕವುಚಿಟ್ಟ ಬೋಗುಣಿಯಂಥ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ), ಇವೆಲ್ಲ ಸೇರಿ ಜಾಗ ಮಾಡಿಕೊಟ್ಟರೆ ಸುಮಾರು ಅರ್ಧ ಲೀಟರ್ ಗಾಳಿ ಒಳಗೆ ಬರುತ್ತದೆ. ಬಿಡುವಾಗ ಏನೂ ಮಾಡಬೇಕಿಲ್ಲ, ಎಳೆದ ರಬ್ಬರು ಬಿಟ್ಟ ಹಾಗೆ ತಾನೇ ಕುಗ್ಗುತ್ತದೆ. ನನ್ನ ನೋವಿಗೂ ಇದು ತಾಳೆಯಾಗುತ್ತಿತ್ತು. ಒಳಗೆಳೆಯುವಾಗ ಜೀವ ಹೋಗುತ್ತಿತ್ತು, ಬಿಡುವಾಗ ಸುಖ.

ಇಷ್ಟೆಲ್ಲ ಬಾಗಲು ಬಳುಕಲು ಮುಂದುಗಡೆಯ ಮೆದುಮೂಳೆ ಬೇಕು. ಮೇಲಿನ ಏಳು ಜೊತೆ ಎಲುಬುಗಳು ತಮ್ಮದೇ ಮೆದುಮೂಳೆಯಿಂದ ನೇರ ಎದೆಮೂಳೆಗೆ ಸೇರುತ್ತವೆ. ಎಂಟು, ಒಂಬತ್ತು, ಹತ್ತನೆಯವು ಮೇಲಿನವನ ಹೆಗಲ ಮೇಲೆ ಕೈಹಾಕಿ ನಿಂತಿರುತ್ತವೆ. ಕೊನೆಯ ಎರಡು ಜೊತೆ ಮುಂದೆ ಯಾರಿಗೂ ಅಂಟಿಕೊಂಡಿಲ್ಲ. ನನ್ನದು ಏಳನೆಯದು, ನೇರ ಸೇರುವವರಲ್ಲಿ ಕೊನೆಯದು, ಉದ್ದದಲ್ಲಿ ಹೆಚ್ಚುಕಮ್ಮಿ ಎಲ್ಲರಿಗಿಂತ ದೊಡ್ಡದು. ಮುರಿಯಲು ಇದೇ ಸಿಗಬೇಕಿತ್ತಾ!

ತಂಗಿಯ ಮಗು ಮನೆಯಲ್ಲಿತ್ತು, ನಾಲ್ಕು ತಿಂಗಳಿನದ್ದು. ನಾನು ಕುರ್ಚಿಯಲ್ಲಿ, ಅದು ತೊಟ್ಟಿಲಲ್ಲಿ. ಇಬ್ಬರಿಗೂ ಬೇರೆ ಕೆಲಸವಿಲ್ಲ. ಒಂದು ಮಧ್ಯಾಹ್ನ ಅದರ ಉಸಿರಾಟವನ್ನೇ ನೋಡುತ್ತಾ ಕೂತೆ. ಹೊಟ್ಟೆ ಮಾತ್ರ ಏಳುತ್ತದೆ, ಇಳಿಯುತ್ತದೆ. ಎದೆ ಅಲ್ಲಾಡಿದ್ದೇ ಕಾಣುವುದಿಲ್ಲ. ಎಳೆಮಕ್ಕಳ ಪಕ್ಕೆಲುಬು ನಮ್ಮ ಹಾಗೆ ಇಳಿಜಾರಾಗಿರುವುದಿಲ್ಲ, ಹೆಚ್ಚುಕಮ್ಮಿ ಅಡ್ಡಕ್ಕೇ ಇರುತ್ತದೆ. ಹಿಡಿಕೆ ಮೊದಲೇ ಎತ್ತಿಟ್ಟಿದ್ದರೆ ಇನ್ನೆಲ್ಲಿ ಎತ್ತುವುದು? ಹಾಗಾಗಿ ಅವು ವಪೆಯನ್ನೇ ನಂಬಿಕೊಂಡು ಹೊಟ್ಟೆಯಿಂದ ಉಸಿರಾಡುತ್ತವೆ. ನಾನೂ ಆ ವಾರ ಮಗುವಿನಿಂದ ಕಲಿತೆ. ಎದೆ ಅಲುಗಿಸದೆ ಹೊಟ್ಟೆಯಲ್ಲಿ ಉಸಿರು ತೆಗೆದುಕೊಂಡರೆ ಚುಚ್ಚುವುದು ಕಮ್ಮಿ.

ಆದರೆ ಅದಕ್ಕೂ ಬಿಡುವಂತಿರಲಿಲ್ಲ. ಡಾಕ್ಟರಮ್ಮ ಒಂದು ಪ್ಲಾಸ್ಟಿಕ್ ಸಾಧನ ಬರೆದುಕೊಟ್ಟಿದ್ದರು, ಸ್ಪೈರೋಮೀಟರ್ ಅಂತ. ಪಕ್ಕಪಕ್ಕದಲ್ಲಿ ಮೂರು ಕೊಳವೆ, ಒಂದೊಂದರಲ್ಲಿ ಒಂದೊಂದು ಚೆಂಡು, ಮೇಲೆ 600, 900, 1200 ಅಂತ ನಂಬರು. ಪೈಪು ಬಾಯಿಗಿಟ್ಟು ಮೊದಲ ಸಲ ಜೋರಾಗಿ ಊದಿದೆ. ಏನೂ ಆಗಲಿಲ್ಲ. ಊದುವುದಲ್ಲವಂತೆ, ಎಳೆಯುವುದು. ಎಳೆದೆ. ಮೊದಲ ಚೆಂಡು ಒಂಚೂರು ನಡುಗಿ ಸುಮ್ಮನಾಯಿತು. ಗಂಟೆಗೆ ಹತ್ತು ಸಲ ಮಾಡಬೇಕು. ಮೂರನೇ ದಿನ ಮೊದಲ ಚೆಂಡು ಮೇಲೆ ಹೋಯಿತು, ಅಮ್ಮ ದೇವರಿಗೆ ಕೈಮುಗಿದಳು. ಎರಡನೆಯದಕ್ಕೆ ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಅಪ್ಪ ತಾವೂ ಬಾಯಿ ಹಾಕಿ ನೋಡಬೇಕು ಅಂದರು. ಬೇರೆಯವರದ್ದು ಬಾಯಿಗಿಡಬಾರದು ಅಂದದ್ದಕ್ಕೆ ಸಾಗರದಿಂದ ಇನ್ನೊಂದು ತರಿಸಿಕೊಂಡರು. ಎಪ್ಪತ್ತೊಂದು ವರ್ಷದವರು, ಮೊದಲ ಸಲಕ್ಕೇ ಮೂರೂ ಚೆಂಡು ಎತ್ತಿ ನನ್ನ ಕಡೆ ನೋಡಿದರು.

ಕೆಲಸವಿಲ್ಲದವನು ಲೆಕ್ಕ ಹಾಕಿದ. ನಿಮಿಷಕ್ಕೆ 15 ಉಸಿರು, ಗಂಟೆಗೆ 900, ದಿನಕ್ಕೆ 21,600. ಅಂದರೆ ಮುರಿದ ಎಲುಬು ದಿನಕ್ಕೆ ಅಷ್ಟು ಸಲ ಅಲುಗುತ್ತಲೇ ಕೂಡಿಕೊಳ್ಳಬೇಕು! ಅಪ್ಪನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಉಸಿರು ತಾನಾಗಿ ಜಪಿಸೋ ಮಂತ್ರ, ಅದನ್ನೇ ಅಲ್ವಾ ಹಂಸಮಂತ್ರ ಅನ್ನೋದು, ದಿನಕ್ಕೆ ಇಪ್ಪತ್ತೊಂದು ಸಾವಿರದ ಆರುನೂರು” ಅಂದರು. ಹಳಬರ ಲೆಕ್ಕಕ್ಕೂ ನನ್ನ ಮೊಬೈಲಿನ ಕ್ಯಾಲ್ಕುಲೇಟರಿಗೂ ತಾಳೆಯಾದದ್ದು ನೋಡಿ ನಾನೇ ಸ್ವಲ್ಪ ಹೊತ್ತು ಸುಮ್ಮನಾದೆ.

ಮೂರು ವಾರ ಕಳೆದ ಮೇಲೆ ಸ್ನಾನ ಮಾಡುವಾಗ ಆ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಮೂಳೆ ಕೂಡುವಾಗ ಬೆಸುಗೆ ಹಾಕಿದ ಹಾಗೆ ಮೇಲೆ ಹೊಸ ಮೂಳೆ ಕಟ್ಟಿಕೊಳ್ಳುತ್ತದಂತೆ. ಎಕ್ಸ್‌ರೇ ಹೇಳದಿದ್ದದ್ದನ್ನು ಆ ಗಂಟು ಹೇಳಿತು.

ಈ ಪೂರ್ತಿ ಕಾಲ ನನ್ನ ಕಂಕುಳಲ್ಲಿ ಒಂದು ದಿಂಬು ಇರುತ್ತಿತ್ತು. ಕೆಮ್ಮು, ಸೀನು ಬಂದರೆ ಅದನ್ನು ಪಕ್ಕೆಗೆ ಒತ್ತಿ ಹಿಡಿಯಬೇಕು, ಎಲುಬು ಒಮ್ಮೆಲೇ ಸಿಡಿಯದ ಹಾಗೆ. ಊಟಕ್ಕೆ ಕೂತರೂ ದಿಂಬು, ಆಫೀಸಿನ ಮೀಟಿಂಗಿಗೂ ದಿಂಬು. ಅಮ್ಮ ಒಗ್ಗರಣೆಗೆ ಒಣಮೆಣಸು ಹಾಕುವ ಮೊದಲು ಒಳಗಿಂದ, “ದಿಂಬು ಹಿಡ್ಕೋ!” ಅಂತ ಕೂಗುತ್ತಿದ್ದಳು. ಕೂಗಿದ ಮೇಲೆಯೇ ಬಾಣಲೆಗೆ ಮೆಣಸು ಬೀಳುತ್ತಿದ್ದದ್ದು.

ಆರನೇ ವಾರ ಒಂದು ದಿನ ಅವಳು ಕೂಗಲು ಮರೆತಳು. ಘಾಟು ಜಗಲಿಗೆ ಬಂತು. ದಿಂಬು ಕೋಣೆಯಲ್ಲಿತ್ತು. ಎದ್ದು ಓಡುವಷ್ಟರಲ್ಲಿ ಬಾಗಿಲ ಹತ್ತಿರವೇ ಸೀನು ಬಂದುಬಿಟ್ಟಿತು, ಮನೆ ಮಾಡು ಹಾರುವಂಥದ್ದು. ನಾನು ಕಣ್ಣು ಮುಚ್ಚಿ ನಿಂತೆ. ಚುಚ್ಚಲಿಲ್ಲ. ಸ್ವಲ್ಪ ಎಳೆದ ಹಾಗಾಯಿತು, ಅಷ್ಟೆ. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

“ದಿಂಬು ಇತ್ತೇನೋ?”

“ಇಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮ್ಮ ಇನ್ನೆರಡು ಮೆಣಸು ಮುರಿದು ಬಾಣಲೆಗೆ ಹಾಕಿದಳು.