ರಂಜಾನಿಗೆ ಮುಂಚೆ ಪೆಕನ್‌ಬಾರುವಿನಲ್ಲಿ ನಿಂಬೆ ಸ್ನಾನ

ಇಂಡೋನೇಷ್ಯಾ ಎಂದರೆ ನಮ್ಮವರಿಗೆ ಬಾಲಿ ಒಂದೇ. ಸುಮಾತ್ರಾದ ಪೆಕನ್‌ಬಾರುವಿಗೆ ಯಾರೂ ಸುಮ್ನೆ ಹೋಗುವುದಿಲ್ಲ. ನಾನು ಹೋಗಿದ್ದು 'ಪೆತಾಂಗ್ ಮೆಗಾಂಗ್' ನೋಡಲು. ರಂಜಾನ್ ಉಪವಾಸ ಶುರುವಾಗುವ ಮುನ್ನ ರಿಯಾವು ಪ್ರಾಂತ್ಯದ ಮಲಯ ಜನ ಸಂಜೆ ಹೊತ್ತು ನಿಂಬೆನೀರು ಸುರಿದುಕೊಂಡು ಶುದ್ಧರಾಗುವ ಆಚರಣೆ ಇದು.

ಬೆಳಿಗ್ಗೆಯೇ ಮಾರುಕಟ್ಟೆಗೆ ಹೋದೆ. ಸ್ನಾನದ ಸಾಮಾನನ್ನು ಕಟ್ಟು ಕಟ್ಟಾಗಿ ಮಾರುತ್ತಿದ್ದರು. ಸಿಪ್ಪೆಯೆಲ್ಲ ಸುಕ್ಕುಗಟ್ಟಿದ 'ಲಿಮಾವ್ ಪುರುತ್' ನಿಂಬೆ, ಮಜ್ಜಿಗೆಹುಲ್ಲು, ಪಾಂಡನ್ ಎಲೆ, ಲಾವಂಚದ ಬೇರು. ಪಕ್ಕದಲ್ಲಿ ನೋಡಿದರೆ ಹಿಂಗಾರ! ನಮ್ಮ ಕರಾವಳಿಯಲ್ಲಿ ನಾಗನಿಗೆ ಏರಿಸುವ ಅದೇ ಅಡಿಕೆ ಹೂವು. ಇವನ್ನೆಲ್ಲ ಕುದಿಸಿ ಆರಿಸುತ್ತಾರೆ. ಶಾಂಪೂ ಬರುವ ಮೊದಲು ಈ ಕಡೆಯವರು ತಲೆ ತೊಳೆಯುತ್ತಿದ್ದುದೂ ಇದೇ ನಿಂಬೆಯಿಂದ. ಮಾರುತ್ತಿದ್ದ ಅಜ್ಜಿ ಒಂದು ಹಣ್ಣು ಹಿಚುಕಿ ಮೂಗಿಗೆ ಹಿಡಿದರು. ಅಬ್ಬಾ, ಆ ಘಮ!

ಮಧ್ಯಾಹ್ನ ಇಳಿದ ಮೇಲಿನ ಅಸರ್ ನಮಾಜಿನ ನಂತರ ಸೆನಪೆಲನ್ ಮಸೀದಿಯಿಂದ ಮೆರವಣಿಗೆ ಹೊರಟಿತು. 1784ರಲ್ಲಿ ಈ ಊರು ಕಟ್ಟಿದ ಸುಲ್ತಾನ ಮುಹಮ್ಮದ್ ಅಲಿಯ ಗೋರಿ ಮಸೀದಿಯ ಬಳಿಯೇ ಇದೆ. ಮೊದಲು ಅಲ್ಲಿ ಪ್ರಾರ್ಥನೆ. ಆಮೇಲೆ 'ಕೊಂಪಾಂಗ್' ತಮಟೆ ಬಾರಿಸುತ್ತಾ ಸಿಯಾಕ್ ನದಿಯ ದಡಕ್ಕೆ. ಜೌಗು ನೆಲದ ಮೇಲೆ ಹರಿದು ಬರುವ ಈ ನದಿಯ ನೀರು ಕಾಫಿ ಡಿಕಾಕ್ಷನ್ ಥರ ಕಪ್ಪು. ಅದಕ್ಕೇ ಇರಬೇಕು, ಘಮಘಮ ನೀರನ್ನು ಬೇರೆ ಕೊಡದಲ್ಲೇ ತಂದಿಟ್ಟಿದ್ದರು!

ಭಾಷಣಗಳು ಜಾಸ್ತಿಯಾದವು. ಅದು ಎಲ್ಲ ಊರಿನ ಕಥೆ, ಅಲ್ವಾ? ಕೊನೆಗೆ ಹಿರಿಯರು ಮಕ್ಕಳನ್ನು ಸಾಲಾಗಿ ಕೂರಿಸಿ ತಲೆಗೆ ನಿಂಬೆನೀರು ಹುಯ್ದರು. ಆಮೇಲೆ ನದಿಗೆ ಬಾತುಕೋಳಿ ಬಿಟ್ಟರು. ಹಿಡಿದವರಿಗೇ ಬಾತುಕೋಳಿ. ಹುಡುಗರು ದಬದಬ ಹಾರಿದರು.

ಪಕ್ಕದ ಕಂಪಾರ್ ಜಿಲ್ಲೆಯಲ್ಲಿ ಇದೇ ಆಚರಣೆಗೆ 'ಬಲಿಮಾವ್ ಕಸಾಯ್' ಎನ್ನುತ್ತಾರೆ. ಅಲ್ಲಿ ಜನ ನದಿಗೇ ಇಳಿಯುತ್ತಾರೆ. ಗಂಡು ಹೆಣ್ಣು ಒಟ್ಟಿಗೆ ಮೀಯುವುದಕ್ಕೆ ಉಲೇಮಾಗಳ, ಅಂದರೆ ಧರ್ಮಪಂಡಿತರ ಆಕ್ಷೇಪ ಇದೆ. ಈ ಸ್ನಾನ ಧರ್ಮದ ಕಟ್ಟಳೆಯಲ್ಲ, ಬರೀ ವಾಡಿಕೆ ಎನ್ನುವುದು ಎಲ್ಲರಿಗೂ ಗೊತ್ತು. ನನಗಂತೂ ನೀರಿಗಿಂತ ಹಿಡಿಸಿದ್ದು ಬೇರೆ. ದಡದಲ್ಲಿ ಜನ ಒಬ್ಬರ ಕೈ ಒಬ್ಬರು ಹಿಡಿದು ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುತ್ತಿದ್ದರು. ನನ್ನ ಗುರುತೇ ಇಲ್ಲದ ಒಬ್ಬರು ನನ್ನ ಹತ್ತಿರವೂ ಕೇಳಿದರು. ನಾನೂ ಕೇಳಿದೆ, ಕನ್ನಡದಲ್ಲೇ.

ರಾತ್ರಿ ಹೋಟೆಲಿನವರು ಫೋನ್ ಮಾಡಿದರು. ನಾಳೆಯಿಂದ ತಿಂಡಿ ಬೆಳಗಿನ ಜಾವ ಮೂರೂವರೆಗಂತೆ!