ನ್ಯೂಯಾರ್ಕಿನ ಬಂಡೆ, ಅಪ್ಪನ ಪಂಚಾಂಗ

ಅಪ್ಪ ತೀರ್ಥಹಳ್ಳಿಯಿಂದ ನಮ್ಮ ನ್ಯೂಜೆರ್ಸಿ ಮನೆಗೆ ಬಂದು ಮೂರು ವಾರ ಏನೇನೋ ನೋಡಿದರು. ಟೈಮ್ಸ್ ಸ್ಕ್ವೇರ್ ಅವರಿಗೆ ಹಿಡಿಸಲಿಲ್ಲ, ನನಗೂ ಅಷ್ಟಕ್ಕಷ್ಟೆ. ಬರೀ ಬೆಳಕು, ನೂಕುನುಗ್ಗಲು. ಬರೆಯಬೇಕು ಅನ್ನಿಸಿದ್ದು ಸೆಂಟ್ರಲ್ ಪಾರ್ಕಿನ ಒಂದು ಬಂಡೆಯ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ. ಪೆನ್ ಸ್ಟೇಷನ್ನಿನಲ್ಲಿ ಎ ರೈಲು ಹತ್ತಿದರೆ ಪಾರ್ಕಿಗೆ ಇಳಿಯಬೇಕಾದ 59ನೇ ಬೀದಿ ಬರುವ ಮೊದಲೇ ಬಾಗಿಲ ಹತ್ತಿರ ನಿಂತಿರಿ. ಹಗಲಲ್ಲಿ ಅದು ಎಕ್ಸ್‌ಪ್ರೆಸ್, ಅಲ್ಲಿ ಬಿಟ್ಟರೆ ನಿಲ್ಲುವುದು 125ನೇ ಬೀದಿಯಲ್ಲೇ. ಜನರ ನಡುವೆ ಸಿಕ್ಕಿಕೊಂಡು ನಾವು ಇಳಿಯಲಾಗದೆ ಅಲ್ಲಿಯವರೆಗೂ ಹೋಗಿಬಿಟ್ಟೆವು. ಮಂಡಿನೋವಿನ ಅಪ್ಪನನ್ನು ಮತ್ತೆ ಮೆಟ್ಟಿಲು ಹತ್ತಿಸಿ ಇಳಿಸುವಾಗ ತುಂಬಾ ಸಂಕಟವಾಯಿತು.

ಪಾರ್ಕಿನ ದಕ್ಷಿಣ ಭಾಗದಲ್ಲಿ, ಮಕ್ಕಳ ಆಟದ ಜಾಗದ ಪಕ್ಕ ಅಂಪೈರ್ ರಾಕ್ ಇದೆ. ಸುಮಾರು 45 ಕೋಟಿ ವರ್ಷ ಹಳೆಯ ಕಲ್ಲು. ಬಿಸಿಲಿಗೆ ಕಾಗೆಬಂಗಾರ ಮಿಂಚುತ್ತಿತ್ತು. ಮೈಮೇಲೆ ಉದ್ದುದ್ದ ಗೀರು, ಅಂಗೈ ಇಳಿಯುವಂಥ ಕೊರೆತ. ಅಪ್ಪ ಕೂತು ಕೈ ಆಡಿಸಿದರು.

"ಯಾರೋ ಇದನ್ನ ಉಜ್ಜಿದ್ದು?"

"ಹಿಮ ಅಪ್ಪ. 20 ಸಾವಿರ ವರ್ಷದ ಹಿಂದೆ ಈ ಊರಿನ ಮೇಲೆ ನೂರಾರು ಮೀಟರ್ ದಪ್ಪ ಹಿಮ ಇತ್ತು. ಕೆನಡಾದಿಂದ ಮೆಲ್ಲಗೆ ಸರಿದು ಬಂದದ್ದು."

"ಮಂಜುಗಡ್ಡೆ ಕಲ್ಲನ್ನ ಹೇಗೋ ಗೀರುತ್ತೆ?"

"ಅದರ ತಳದಲ್ಲಿ ಕಲ್ಲು, ಮರಳು ಸಿಕ್ಕಿಕೊಂಡಿದ್ದವು."

"ಓ, ಸಾಣೆ ಹಿಡಿದ ಹಾಗೆ. ಅಷ್ಟು ಹಿಮ ಯಾಕೆ ಬಂತು?"

ಚಳಿಗಾಲ ಜೋರಾದ್ದರಿಂದಲ್ಲ, ಉತ್ತರದಲ್ಲಿ ಬೇಸಿಗೆ ತಂಪಾದ್ದರಿಂದ ಅಂದೆ. ಬಿದ್ದ ಹಿಮ ಕರಗದೆ ಉಳಿದರೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಆ ಬಿಳುಪು ಬಿಸಿಲನ್ನು ವಾಪಸ್ ಕಳಿಸಿ ಚಳಿ ಇನ್ನೂ ಜಾಸ್ತಿಯಾಗುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡೂ ಇಳಿಯುತ್ತದೆ. ಬೇಸಿಗೆ ತಂಪಾಗುವುದು ಭೂಮಿಯ ನಡೆಯಿಂದ. ಅದು ಸೂರ್ಯನನ್ನು ಸುತ್ತುವ ದಾರಿ ಸುಮಾರು 1 ಲಕ್ಷ ವರ್ಷಕ್ಕೊಮ್ಮೆ ಉದ್ದವಾಗಿ ಮತ್ತೆ ದುಂಡಗಾಗುತ್ತದೆ. ಭೂಮಿಯ ಅಕ್ಷದ ವಾಲಿಕೆ 41 ಸಾವಿರ ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತದೆ. ಅಕ್ಷ ಬುಗುರಿಯ ಹಾಗೆ ಓಲಾಡಿ ಒಂದು ಸುತ್ತು ಮುಗಿಸಲು 26 ಸಾವಿರ ವರ್ಷ.

ಅಪ್ಪ ತಟ್ಟನೆ ತಲೆ ಎತ್ತಿದರು. "ಇದು ಪಂಚಾಂಗದ ಅಯನಾಂಶ ಅಲ್ವೇನೋ?"

ನಾನು ಸುಮ್ನೆ ನೋಡಿದೆ.

"ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 21ಕ್ಕೋ 22ಕ್ಕೋ. ನಾವು ಸಂಕ್ರಾಂತಿ ಮಾಡೋದು ಜನವರಿ 14ಕ್ಕೆ. 1,700 ವರ್ಷದ ಹಿಂದೆ ಎರಡೂ ಒಂದೇ ದಿನ ಇತ್ತು. 72 ವರ್ಷಕ್ಕೆ ಒಂದು ದಿನ ಸರಿಯುತ್ತೆ. ನಿನ್ನ ಬುಗುರಿಯೇ ಅದು."

ಭೂಮಿಯ ನಡೆಗೂ ಹಿಮಯುಗಕ್ಕೂ ಲೆಕ್ಕ ಹಾಕಿದ ಸರ್ಬಿಯಾದ ವಿಜ್ಞಾನಿ ಮಿಲಂಕೊವಿಚ್ 1914ರಲ್ಲಿ ಯುದ್ಧದ ಸೆರೆಯಲ್ಲಿದ್ದಾಗಲೂ ಅದನ್ನು ಬಿಡಲಿಲ್ಲ ಅಂತ ನಾನು ಓದಿದ್ದೆ. 1976ರಲ್ಲಿ ಅದಕ್ಕೆ ಬಲವಾದ ಸಾಕ್ಷಿ ಕೊಟ್ಟದ್ದು ಹಿಂದೂ ಮಹಾಸಾಗರದ ದಕ್ಷಿಣದ ತಳದಿಂದ ತೆಗೆದ ಕೆಸರು ಅಂತಲೂ ಗೊತ್ತಿತ್ತು. ಆದರೆ ಮನೆಯ ಎಳ್ಳುಬೆಲ್ಲದ ದಿನಕ್ಕೂ ಈ ಗೀರಿಗೂ ನಂಟಿದೆ ಅಂತ ಹೊಳೆದೇ ಇರಲಿಲ್ಲ.

"ಆಗ ನಮ್ಮ ಕಡೆ?"

"ಹಿಮ ಇರಲಿಲ್ಲ. ಮುಂಗಾರು ಈಗಿನಷ್ಟು ಜೋರಿರಲಿಲ್ಲ. ಸಮುದ್ರ ಸುಮಾರು 120 ಮೀಟರ್ ಕೆಳಗಿತ್ತು. ಮಲ್ಪೆಯಿಂದ ಇನ್ನೂ ಪಶ್ಚಿಮಕ್ಕೆ ನಡೆದು ಹೋಗಬಹುದಿತ್ತು."

"ಈಗಿನ ಸೆಕೆಯೂ ಬುಗುರಿಯದ್ದೇನಾ?"

"ಅಲ್ಲ ಅಪ್ಪ. ಅದಕ್ಕೆ ಸಾವಿರಾರು ವರ್ಷ ಬೇಕು. ಇದು 150 ವರ್ಷದಲ್ಲಿ ಆದದ್ದು, ನಾವು ಸುಟ್ಟ ಕಲ್ಲಿದ್ದಲು, ಎಣ್ಣೆಯಿಂದ."

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಸೂರ್ಯನನ್ನು ನೋಡಿ ದಿಕ್ಕು ಗೊತ್ತುಮಾಡಿಕೊಂಡರು. "ಗೀರು ವಾಯವ್ಯದಿಂದ ಆಗ್ನೇಯಕ್ಕಿದೆ. ಹಿಮ ಆ ಕಡೆಯಿಂದ ಬಂದಿದೆ" ಎಂದು ಎತ್ತರದ ಕಟ್ಟಡಗಳತ್ತ ಕೈ ತೋರಿಸಿದರು. ಸರಿಯಾಗಿಯೇ ಇತ್ತು.

ಮಧ್ಯಾಹ್ನಕ್ಕೆ ಮ್ಯೂಸಿಯಂ ಟಿಕೆಟ್ ತೆಗೆದಿದ್ದೆ. ಹೋಗಲಿಲ್ಲ. ಬಂಡೆಯ ಮೇಲೆ ನೆರಳು ಬರುವವರೆಗೂ ಅಲ್ಲೇ ಕೂತಿದ್ದೆವು.