ತಲಪಾಡಿ ದಾಟಿದರೆ ಗಾಂಜಾ ಕಾನೂನು ಬೇರೆಯೇ?

"ಆಚೆ ಕರ್ನಾಟಕ, ಅಲ್ಲಿ ಕಾನೂನು ಬೇರೆ" ಅನ್ನುವ ಮಾತು ಕೇರಳದ ಗಡಿಯೊಳಗಿನ ಮಂಜೇಶ್ವರ, ಉಪ್ಪಳದ ಕಡೆ ಕೇಳಿಬರುತ್ತದೆ. ಗಾಂಜಾದ ಮಟ್ಟಿಗೆ ಇದು ತಪ್ಪು. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, ಕೇಂದ್ರದ್ದು. ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಎರಡೂ ಬದಿಗೆ ಗಾಂಜಾದ ಶಿಕ್ಷೆ ಹೇಳುವುದು ಅದೇ ಸೆಕ್ಷನ್ 20.

ಸೊಪ್ಪಿನ ಲೆಕ್ಕ ಮಾತ್ರ ಬೇರೆ. ಕೇಂದ್ರ ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರಿಯ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಈ ಎಲೆಯಿಂದ ಮಾಡುವ ಭಂಗಿ ರಾಜ್ಯದ ಅಬಕಾರಿ ಕಾನೂನಿನ ಪಾಲಿಗೆ ಬಿತ್ತು. 1956ರ ನವೆಂಬರ್ 1ರ ತನಕ ಕಾಸರಗೋಡು, ಮಂಗಳೂರು ಎರಡೂ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದವು. ಈಗ ಸೊಪ್ಪಿಗೆ ಎರಡು ರಾಜ್ಯದ ಎರಡು ಕಾಯ್ದೆ. ಭಂಗಿ ಎನ್‌ಡಿಪಿಎಸ್‌ನೊಳಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದ್ದನ್ನು ಹಿಡಿದುಕೊಂಡು ಕುಂಬಳೆಯಲ್ಲಿ ನಿಶ್ಚಿಂತೆಯಿಂದ ಇರುವಂತಿಲ್ಲ: ಕೇರಳದ ಅಬಕಾರಿ ಕಾಯ್ದೆಯ ಮಾದಕ ವಸ್ತುವಿನ ವ್ಯಾಖ್ಯೆಯಲ್ಲಿ ಎಲೆಯೂ ಇದೆ.

ಇನ್ನು ತೂಕ. 1 ಕಿಲೋಗಿಂತ ಕಡಿಮೆಯಾದರೆ ಅಲ್ಪ ಪ್ರಮಾಣ: 1 ವರ್ಷದ ತನಕ ಜೈಲು, 10,000 ರೂಪಾಯಿ ತನಕ ದಂಡ, ಅಥವಾ ಎರಡೂ. 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ: 10ರಿಂದ 20 ವರ್ಷ ಜೈಲು, ಕನಿಷ್ಠ 1 ಲಕ್ಷ ದಂಡ, ಸೆಕ್ಷನ್ 37ರಿಂದಾಗಿ ಜಾಮೀನೂ ಬಲು ಕಷ್ಟ. ನಡುವಿನದಕ್ಕೆ 10 ವರ್ಷದ ತನಕ. 2001ರ ತಿದ್ದುಪಡಿಗೆ ಮೊದಲು ಎಷ್ಟೇ ಗಾಂಜಾ ಸಿಕ್ಕಿದರೂ ಗರಿಷ್ಠ 5 ವರ್ಷವಿತ್ತು. ಹಳೆ ಕಾನೂನು ಕಠಿಣ, ಹೊಸದು ಮೆದು ಎನ್ನುವವರು ಗಾಂಜಾದ ಸೆಕ್ಷನ್ ಓದಿಲ್ಲ.

ಗಿಡಕ್ಕೆ ಈ ಮೆಟ್ಟಿಲುಗಳಿಲ್ಲ. ಟೆರೇಸಿನ ಗ್ರೋಬ್ಯಾಗಿನಲ್ಲಿ ಒಂದೇ ಗಿಡವಿದ್ದರೂ ಅದು ಬೆಳೆ. 10 ವರ್ಷದ ತನಕ ಶಿಕ್ಷೆಗೆ ಅವಕಾಶ.

ಕೇಸು ಸಡಿಲಾಗುವುದು ಹೆಚ್ಚಾಗಿ ಮಹಜರಿನಲ್ಲಿ, ಅಂದರೆ ತಪಾಸಣೆ, ಜಪ್ತಿಯ ದಾಖಲೆಯಲ್ಲಿ. ಮೈ ತಪಾಸಣೆಗೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಮಾಡಿಸಿಕೊಳ್ಳುವ ಹಕ್ಕಿದೆ ಎಂದು ತಿಳಿಸಲೇಬೇಕು (ಸೆಕ್ಷನ್ 50). ಕೈಯಲ್ಲಿರುವ ಬ್ಯಾಗಿಗೆ ಈ ನಿಯಮವಿಲ್ಲ. ಬ್ಯಾಗಿನಲ್ಲಿ ಮಾಲು ಸಿಕ್ಕ ಕೇಸಿನಲ್ಲಿ ಇದೇ ವಾದ ಹಿಡಿದರೆ ದಿನ ವ್ಯರ್ಥ. 24 ಗ್ರಾಮಿನ ಸ್ಯಾಂಪಲ್ ತೆಗೆಯಬೇಕಾದ್ದು ಮ್ಯಾಜಿಸ್ಟ್ರೇಟರ ಎದುರು, ಸೆಕ್ಷನ್ 52ಎ ಪ್ರಕಾರ. 21 ಕಿಲೋ ಎಂದು ಬರೆದ ಕೇಸಿನಲ್ಲಿ ಗೋಣಿಯ ತೂಕ ಕಳೆದಿದ್ದಾರೆಯೇ, ದಂಟು ಎಷ್ಟಿದೆ ಎಂದು ನೋಡಬೇಕು. ಅಲ್ಲಿ ಒಂದು ಕಿಲೋ ಜಾರಿದರೆ ಕನಿಷ್ಠ ಶಿಕ್ಷೆಯೇ ಇಲ್ಲದ ವರ್ಗ.